ಎಂಬತ್ತು ಬಿಡದ ಕ್ರೂಸ್ ಕಂಟ್ರೋಲ್

ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರೊಂದರಲ್ಲಿ ಕ್ರೂಸ್ ಕಂಟ್ರೋಲ್ ಇತ್ತು. ಒಮ್ಮೆ ವೇಗ ಹೇಳಿಬಿಟ್ಟರೆ ಯಾರೂ ಆಕ್ಸಿಲರೇಟರ್ ತುಳಿಯಬೇಕಾಗಿರಲಿಲ್ಲ. ಕಾರು ನಡೆಸುತ್ತಿದ್ದ ವಿನೋದಿನಿ ಅದಕ್ಕೆ ಎಂಬತ್ತರ ವೇಗ ಒಪ್ಪಿಸಿ, ಬಲಗಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡಳು.

“ಗಾಡಿ ಓಡಿಸುತ್ತಿದ್ದೀಯೋ, ಊಟಕ್ಕೆ ಕೂತಿದ್ದೀಯೋ?” ಎಂದರು ಪಕ್ಕದಲ್ಲಿದ್ದ ಅತ್ತೆ.

“ಎಲ್ಲ ಅದೇ ನೋಡಿಕೊಳ್ಳುತ್ತದೆ, ಅತ್ತೆ.”

ಈ ಮಾತು ಕೇಳಿ ಕ್ರೂಸ್ ಕಂಟ್ರೋಲ್ ಬೀಗಿತು. ಅಷ್ಟರಲ್ಲಿ ಮಳೆ ಸುರಿದು ರಸ್ತೆಯ ಮೇಲೆ ನೀರು ನಿಂತಿತು.

“ಅಣ್ಣಾ, ವೇಗ ತಗ್ಗಿಸು. ನನಗೆ ನೆಲ ಸಿಗುತ್ತಿಲ್ಲ,” ಎಂದಿತು ಮುಂದಿನ ಟೈರು.

“ನನಗೆ ಹೇಳಿರುವುದು ಎಂಬತ್ತು. ಕೊಟ್ಟ ಮಾತಿನಿಂದ ನಾನು ಎಂದೂ ಕದಲಿದವನಲ್ಲ,” ಎಂದಿತು ಕ್ರೂಸ್ ಕಂಟ್ರೋಲ್. ನೀರಿನ ತಡೆಗೆ ಕಾರು ನಿಧಾನವಾದಾಗ, ಅದು ಟೈರಿನ ಸೋಮಾರಿತನವೆಂದು ತಿಳಿದು ಇನ್ನಷ್ಟು ಜೋರು ಮಾಡಿತು. ಟೈರು ನೀರಿನ ಮೇಲೆ ಗಿರ್ರನೆ ತಿರುಗಿತು. ಕಾರು ರಸ್ತೆಯಂಚಿನ ಹಳ್ಳದ ಕಡೆ ಜಾರತೊಡಗಿತು.

ವಿನೋದಿನಿ ತಟ್ಟನೆ ಸ್ಟಿಯರಿಂಗ್ ಮೇಲಿನ ಗುಂಡಿಯೊತ್ತಿ ಕ್ರೂಸ್ ಕಂಟ್ರೋಲನ್ನು ನಿಲ್ಲಿಸಿದಳು, ಕಾಲನ್ನು ಕೆಳಗಿಳಿಸಿದಳು. ವೇಗ ಇಳಿಯಿತು, ಟೈರಿಗೆ ನೆಲ ಸಿಕ್ಕಿತು, ಕಾರು ದಾರಿಗೆ ಬಂತು.

“ನನ್ನ ಕೆಲಸದಲ್ಲಿ ಕುಂದೇನಿತ್ತು?” ಎಂದಿತು ಕ್ರೂಸ್ ಕಂಟ್ರೋಲ್, ತಲೆ ತಗ್ಗಿಸದೆ.

“ಏನೂ ಇರಲಿಲ್ಲ. ಆದರೆ ನೆಲ ಮುಟ್ಟುವವನು ನಾನು,” ಎಂದಿತು ಟೈರು, ಅಷ್ಟೇ ಠೀವಿಯಿಂದ.

ರಸ್ತೆ ಒಣಗಿದ ಮೇಲೆ ವಿನೋದಿನಿ ಮತ್ತೆ ಎಂಬತ್ತು ಒಪ್ಪಿಸಿದಳು, ಈ ಸಲ ಕಾಲನ್ನು ಪೆಡಲಿನ ಹತ್ತಿರವೇ ಇಟ್ಟುಕೊಂಡು. ಕ್ರೂಸ್ ಕಂಟ್ರೋಲ್ ಎದೆಯುಬ್ಬಿಸಿತು. ವೇಗ ಏರಿಸುವ ಮುನ್ನ ಮಾತ್ರ ಟೈರನ್ನು ಕೇಳಿತು: “ನೆಲ ಸಿಕ್ಕಿದೆಯೇನಪ್ಪಾ?”