ಊಟದ ಕರೆ

ನದಿ ದಂಡೆಯ ಆ ಮಠದಲ್ಲಿ ಒಂದು ಪದ್ಧತಿ. ಊಟಕ್ಕೆ ಮುನ್ನ ಒಬ್ಬರು ಬಾಗಿಲಿಗೆ ಹೋಗಿ, "ಹಸಿದವ್ರು ಯಾರರ ಅದೀರೇನು? ಉಣ್ಣಾಕ ಬರ್ರಿ!" ಎಂದು ಕೂಗಬೇಕು. ಕರೆ ಮುಗಿಯುವ ತನಕ ಯಾರೂ ತುತ್ತು ಎತ್ತುವಂತಿಲ್ಲ.

ಒಮ್ಮೆ ಕುಂಬಾರ ಈರಬಸು ಹೆಂಡತಿಯ ಜೊತೆ ಅಲ್ಲಿಗೆ ಬಂದ. ಅವನಿಗೆ ಉಗ್ಗು. ಅವಳೇ ಮಠದ ಗುರುಗಳಿಗೆ ಹೇಳಿದಳು:

"ಅಜ್ಜಾರ, ನಮ್ಮ ಮಗಳು ಈಗ ಮಾತು ಕಲಿಯಾಕತ್ತಾಳ. ತನ್ನ ಉಗ್ಗು ಕೂಸಿಗೆ ಹತ್ತೀತು ಅಂತ ಇವ್ರು ಅದರ ಮುಂದ ಬಾಯೇ ಬಿಡಂಗಿಲ್ರಿ. ಹೆಸರು ಹಿಡಿದು ಒಮ್ಮೆನೂ ಕರದಿಲ್ರಿ."

"ಸ್ವಲ್ಪ ದಿನ ಇಲ್ಲೇ ಇರ್ಲಿ," ಎಂದರು ಗುರುಗಳು.

ಗುರುಗಳು ಏನೋ ದೊಡ್ಡ ಸಾಧನೆ ಕಲಿಸುತ್ತಾರೆಂದು ಶಿಷ್ಯ ಸಿದ್ದಲಿಂಗ ಕಣ್ಣರಳಿಸಿ ಕಾದ. ಅವರು ಈರಬಸುವನ್ನು ಶೇಂಗಾ ಸುಲಿಯಲು ಕೂರಿಸಿಕೊಂಡರು, ಅಷ್ಟೇ.

"ಗಡಿಗಿ ಸುಡಾಕ ಯಾವ ಕಟಗಿ ಚಲೋ?" ಎಂದು ಕೇಳಿದರು. ಕೇಳಿ, ಸುಲಿಯುತ್ತ ಕೂತರು.

"ಜಾ... ಜಾ..."

"ಜಾಲಿ ಕಟಗಿ!" ಎಂದ ಸಿದ್ದಲಿಂಗ. ಒಳ್ಳೆಯವನು, ಆದರೆ ತಡೆದುಕೊಳ್ಳುವ ಜೀವವಲ್ಲ.

ಈರಬಸು ತಲೆಯಾಡಿಸಿ ಮತ್ತೆ ಶೇಂಗಾ ಸುಲಿಯತೊಡಗಿದ.

ಒಂದು ದಿನ ಗುರುಗಳು ಊಟದ ಕರೆಯನ್ನು ಅವನಿಗೇ ಒಪ್ಪಿಸಿದರು. ಅವನು ಬಾಗಿಲಲ್ಲಿ ನಿಂತ. "ಹ... ಹ..." ಕತ್ತಿನ ನರ ಉಬ್ಬಿದವು. ಸಿದ್ದಲಿಂಗನಿಗೆ ನೋಡಲಾಗಲಿಲ್ಲ. ಹಿಂದಿನಿಂದ ತಾನೇ ಗಟ್ಟಿಯಾಗಿ ಕರೆ ಕೂಗಿಬಿಟ್ಟ.

ಈರಬಸು ಉಣ್ಣಲಿಲ್ಲ. ಒಳಗೆ ಹೋಗಿ ಗಂಟು ಕಟ್ಟತೊಡಗಿದ.

ಸಿದ್ದಲಿಂಗ ಗುರುಗಳ ಬಳಿ ಓಡಿದ.

"ಅಜ್ಜಾರ, ನಾ ಬರೇ..."

"ಸಹಾಯ ಮಾಡಿದ್ನಿ, ಅಂತೀ."

"ಹೌದ್ರಿ. ಅಂವಗ ಯಾಕ..."

"ಸಿಟ್ಟು ಬಂತು, ಅಂತೀ."

"ಅದಲ್ರೀ, ನಾ ಹೇಳೂದು..."

"ತಪ್ಪಾತು, ಅಂತೀ."

"ಅಜ್ಜಾರ, ನನಗ ಮಾತಾಡಾಕರ ಬಿಡ್ರಿ!"

ಗುರುಗಳು ಬಾಯಿ ಮುಚ್ಚಿ ಶೇಂಗಾ ಸುಲಿದರು. ಸಿದ್ದಲಿಂಗನ ಮುಖ ಕೆಂಪಾಯಿತು. ಹೇಳಬೇಕೆಂದಿದ್ದ ಮಾತು ಈಗ ಬೇಕಾಗಿರಲಿಲ್ಲ.

ಅವನು ಹೋಗಿ ಈರಬಸುವಿನ ಪಕ್ಕ ಕೂತ.

"ಈರಬಸಣ್ಣಾ, ನಿಮ್ಮ ಮಗಳ ಹೆಸರೇನು?"

ಈ ಸಲ ಅವನು ತುಟಿ ಕಚ್ಚಿಕೊಂಡು ಕಾದ. ನದಿಯಲ್ಲಿ ದೋಣಿಯೊಂದು ಆಚೆ ದಡ ಸೇರಿತು. ಅವನು ಇನ್ನೂ ಕಾಯುತ್ತಿದ್ದ.

"ಗೌ... ಗೌ... ಗೌರವ್ವ."

"ಏನೇನು ಆಟ ಆಡ್ತಾಳ?"

ಈರಬಸು ಗಂಟನ್ನು ಬದಿಗಿಟ್ಟು ಹೇಳತೊಡಗಿದ.

ಅಲ್ಲಿಂದ ಮುಂದೆ ಅವರಿಬ್ಬರಿಗೂ ದಿನಾ ಹರಟೆ. ಮಣ್ಣಿನದು, ಮಳೆಯದು, ಅಡುಗೆಗೆ ಉಪ್ಪು ಜಾಸ್ತಿಯಾದದ್ದು. ಉಗ್ಗು ಪೂರ್ತಿ ಹೋಗಲಿಲ್ಲ. ಆದರೆ ಎಷ್ಟೋ ಮಾತು ಈಗ ಸಲೀಸಾಗಿ ಬರುತ್ತಿದ್ದವು, ಉಳಿದವನ್ನೂ ಈರಬಸು ಅರ್ಧಕ್ಕೆ ನುಂಗುತ್ತಿರಲಿಲ್ಲ. ಆ ಮನುಷ್ಯನ ಛಲ ದೊಡ್ಡದು.

ಮುಂದೊಂದು ದಿನ ಅವನ ಹೆಂಡತಿ ಕೂಸಿನೊಂದಿಗೆ ಬಂದಳು. ಊಟದ ಹೊತ್ತು. ಕೂಸು ನದಿಯ ಮೆಟ್ಟಿಲ ಮೇಲೆ ಮರಳಲ್ಲಿ ಆಡುತ್ತಿತ್ತು. ಈರಬಸು ತಾನಾಗಿಯೇ ಎದ್ದು ಬಾಗಿಲಿಗೆ ಹೋದ.

"ಗೌ..."

ಪಂಕ್ತಿಯಲ್ಲಿ ಒಂದು ಕೈಯೂ ಅಲುಗಲಿಲ್ಲ.

"ಗೌ... ಗೌ..."

ಸಿದ್ದಲಿಂಗ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಗೌರವ್ವಾ! ಉ... ಉಣ್ಣಾಕ ಬಾರವ್ವಾ!"

ಕೂಸು ತಲೆಯೆತ್ತಿತು. ಆ ದನಿಯನ್ನು ಅದು ಕೇಳಿಯೇ ಇರಲಿಲ್ಲ. ಒಂದು ಗಳಿಗೆ ನೋಡಿ, ಮರಳಿನ ಕೈಯಲ್ಲೇ ಓಡಿಬಂದು ಅಪ್ಪನ ಕಾಲು ತಬ್ಬಿತು.

ಸಿದ್ದಲಿಂಗ ಕಣ್ಣೊರೆಸಿಕೊಂಡು ಎಲೆಗೆ ಕೈ ಹಾಕಿ ನಕ್ಕ.

"ಅಜ್ಜಾರ, ಅನ್ನ ಪೂರಾ ಆರಿ ಹೋಗೈತ್ರಿ."

"ಉಣ್ಣೋ ಸಿದ್ದಾ," ಎಂದರು ಗುರುಗಳು. "ಬಿಸಿ ಅನ್ನ ದಿನಾ ಸಿಗತೈತಿ."