ಎರಡನೆಯ ಕೀಲಿಕೈ

"ಮೇಷ್ಟ್ರೇ, ನಾಳೆ ನಾನು ಅಧಿಕಾರ ವಹಿಸಿಕೊಂಡ ಕೂಡಲೇ ಚಂದ್ರಾಚಾರ್ ಅವರ ಹತ್ತಿರವಿರುವ ಕೀಲಿಕೈಯನ್ನು ವಾಪಸ್ ಪಡೆಯಲೇ, ಬೇಡವೇ?"

ಕೇಳಿದವಳು ಹೇಮಾವತಿ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮರುದಿನದಿಂದ ಅಲ್ಲಿನ ಔಷಧ ವಿಭಾಗಕ್ಕೆ ಅವಳೇ ಮುಖ್ಯಸ್ಥೆ.

ಕೇಳಿಸಿಕೊಂಡವರು ಕೊಟ್ರಪ್ಪ ಮೇಷ್ಟ್ರು. ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು. ಅದಕ್ಕೂ ಮೊದಲು ಒಂದು ಆಸ್ಪತ್ರೆಯ ಔಷಧ ವಿಭಾಗವನ್ನು ನಡೆಸಿದವರು. ಆ ಕಾಲದಲ್ಲಿ ತಾವು ಒಳಗೆ ಕಾಲಿಟ್ಟರೆ ಸೀಸೆಗಳು ತಾವಾಗಿ ಸಾಲಿಗೆ ನಿಲ್ಲುತ್ತಿದ್ದವು ಎಂದು ಅವರು ಹೇಳುತ್ತಿದ್ದರು. ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಸೀಸೆಗಳನ್ನೇ ವಿಚಾರಿಸಿ ಎನ್ನುತ್ತಿದ್ದರು.

"ಕೀಲಿಕೈ ಅವರ ಹತ್ತಿರ ಇದ್ದರೆ ನಿನಗೇನು ಕಷ್ಟ?" ಎಂದರು ಮೇಷ್ಟ್ರು.

ಹೇಮಾವತಿ ಹೇಳಿದಳು. ಮಾರ್ಫಿನ್‌ನಂತಹ ಔಷಧಗಳನ್ನಿಡುವ ಕಪಾಟಿಗೆ ಎರಡು ಬೀಗ. ಒಂದರ ಕೀಲಿಕೈ ಮುಖ್ಯಸ್ಥರ ಬಳಿ, ಇನ್ನೊಂದರದು ಬೇರೊಬ್ಬರ ಬಳಿ ಇರಬೇಕು. ಒಬ್ಬರೇ ತೆರೆಯುವಂತಿಲ್ಲ. ಎರಡನೆಯ ಕೀಲಿಕೈ ಚಂದ್ರಾಚಾರ್ ಅವರದು. ಮುಖ್ಯಸ್ಥನ ಹುದ್ದೆ ತಮಗೇ ಬರುತ್ತದೆ ಎಂದು ಅವರು ಕಾದಿದ್ದರು. ಅದು ತಮಗಿಂತ ಕಿರಿಯಳಿಗೆ ಹೋಯಿತು. ಅಂದಿನಿಂದ ಮಾತು ಬಿಟ್ಟಿದ್ದಾರೆ.

"ನಾನು ಏನು ಮಾಡಿದರೂ ಮೊಸರಲ್ಲಿ ಕಲ್ಲು ಹುಡುಕುತ್ತಾರೆ, ಮೇಷ್ಟ್ರೇ. ನಾಳೆ ಆ ಕಪಾಟಿನ ಮುಂದೆ ನಿಂತು, ಎಲ್ಲರೆದುರು, ಇದು ಸರಿಯಿಲ್ಲ ಅಂದುಬಿಟ್ಟರೆ? ಮೊದಲ ದಿನವೇ ನನ್ನ ಮಾತಿನ ಬೆಲೆ ಹೋಗುತ್ತದೆ. ಕೀಲಿಕೈಯನ್ನು ನಮ್ಮ ವಿಭಾಗದ ಗಿರಿಜೆಗೆ ಕೊಟ್ಟರೆ ತಂಟೆಯೇ ಇಲ್ಲ. ನಾನು ಏನು ಹೇಳಿದರೂ ಹೂಂ ಅನ್ನುವವಳು."

ಮೇಷ್ಟ್ರು ಎಲೆಗೆ ಸುಣ್ಣ ಸವರಿದರು.

"ಇದಕ್ಕೆ ಉತ್ತರ ಗೊತ್ತಿದ್ದವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬರು ತೀರಿಕೊಂಡರು. ಅವರಿಗೂ ನಾನೇ ಹೇಳಿಕೊಟ್ಟಿದ್ದೆ. ಕೂತುಕೋ ತಾಯಿ, ಒಂದು ಕತೆ ಕೇಳು."

ಅವರು ಹೇಳಿದ ಕತೆ ಇದು.

ಒಂದು ಆಸ್ಪತ್ರೆಯಿತ್ತು. ಅದರ ಔಷಧ ವಿಭಾಗಕ್ಕೆ ಒಬ್ಬ ಮುಖ್ಯಸ್ಥನಿದ್ದ. ನನ್ನಷ್ಟು ಬುದ್ಧಿವಂತನಲ್ಲ, ನನ್ನಂಥವರನ್ನು ಪ್ರತಿ ಆಸ್ಪತ್ರೆಗೂ ಎಲ್ಲಿಂದ ತರುವುದು? ಆದರೂ ಗಟ್ಟಿಗ. ಅವನು ಗಂಟಲು ಸರಿಮಾಡಿಕೊಂಡರೆ ಕ್ಷಯದ ವಾರ್ಡಿನಲ್ಲಿ ಕೆಮ್ಮು ನಿಲ್ಲುತ್ತಿತ್ತು.

ಅವನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಕಪಾಟಿನ ಎರಡೂ ಕೀಲಿಕೈಗಳನ್ನು ತನ್ನ ಉಡಿದಾರಕ್ಕೇ ಕಟ್ಟಿಕೊಂಡಿದ್ದ. ರೂಢಿ ಹಾಗಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಿತ್ತು. "ಒಂದು ಮುಖ್ಯಸ್ಥನದು, ಇನ್ನೊಂದು ನಂಬಿಕಸ್ಥನದು. ಇಬ್ಬರೂ ನಾನೇ." ಅವನು ಬಲಗೈಯಿಂದ ಔಷಧ ತೆಗೆಯುತ್ತಿದ್ದ, ಎಡಗೈಯಿಂದ ಎಣಿಸುತ್ತಿದ್ದ. ಎರಡು ಕೈಗಳ ಲೆಕ್ಕ ಎಂದೂ ಬೇರೆಯಾಗಲಿಲ್ಲ.

ಆಸ್ಪತ್ರೆಯ ಕಲ್ಲುಗೋಡೆಗಳೂ ಅವನ ಮಾತು ಕೇಳುತ್ತಿದ್ದವು. ಒಂದು ಮಧ್ಯಾಹ್ನ ಅವನ ಮೂತ್ರಪಿಂಡದ ಕಲ್ಲು ಜರುಗಿತು. ಅದು ಕೇಳಲಿಲ್ಲ.

ಅವನು ಕೂಗಿದ ಕೂಗಿಗೆ ಪಕ್ಕದೂರಿನ ಕೆರೆಯಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ದಡಕ್ಕೆ ಬಂದವಂತೆ. ನಾನು ಉತ್ಪ್ರೇಕ್ಷೆ ಮಾಡುವವನಲ್ಲ, ನಿನಗೇ ಗೊತ್ತು. ಅವನನ್ನು ಅವನದೇ ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದರು. ಡಾಕ್ಟರು ನೋಡಿ ಮಾರ್ಫಿನ್ ಬರೆದರು. ಸಿಸ್ಟರು ಚೀಟಿ ಹಿಡಿದು ಔಷಧ ವಿಭಾಗಕ್ಕೆ ಓಡಿದಳು. ಹೋದಷ್ಟೇ ವೇಗದಲ್ಲಿ ವಾಪಸ್ ಬಂದಳು.

"ಕಪಾಟಿಗೆ ಬೀಗ, ಡಾಕ್ಟ್ರೇ. ಕೀಲಿಕೈ ರೋಗಿಯ ಸೊಂಟದಲ್ಲಿದೆ."

ಅವಳ ಹಿಂದೆಯೇ ಒಬ್ಬ ಫಾರ್ಮಸಿಸ್ಟ್ ಬಂದಳು. ಆ ವಿಭಾಗದಲ್ಲಿ ಅವಳೊಬ್ಬಳು, ಅವಳ ಸಮಕ್ಕೆ ಇನ್ನೊಬ್ಬ. ಇಬ್ಬರೂ ಕೆಲಸದಲ್ಲಿ ನಿಪುಣರು. ಇಬ್ಬರಿಗೂ ಮಾತಿಲ್ಲ. ಕಿಟಕಿಯ ಪಕ್ಕದ ಒಂದು ಕುರ್ಚಿಗಾಗಿ ಶುರುವಾದ ಜಗಳ. ಕುರ್ಚಿ ಮುರಿದು ಎಷ್ಟೋ ಕಾಲವಾಗಿತ್ತು, ಜಗಳ ಮಾತ್ರ ಗಟ್ಟಿಯಾಗಿತ್ತು.

ಮುಖ್ಯಸ್ಥ ಉಡಿದಾರ ಬಿಚ್ಚಿದ. ಎರಡೂ ಕೀಲಿಕೈಗಳನ್ನು ಅವಳತ್ತ ಚಾಚಿದ.

"ಎರಡೂ ತಗೋ. ಬೇಗ ಹೋಗು."

ಅವಳು ಒಂದನ್ನು ಮಾತ್ರ ತೆಗೆದುಕೊಂಡಳು.

"ಇನ್ನೊಂದನ್ನು ಅವನಿಗೆ ಕಳಿಸಿ ಸಾರ್."

"ಅವನಿಗಾ? ನಿನಗೂ ಅವನಿಗೂ ಎಣ್ಣೆ ಸೀಗೆಕಾಯಿ."

"ಅದಕ್ಕೇ ಸಾರ್. ನಾನು ಮಾಡುವ ಕೆಲಸವನ್ನು ಅವನಷ್ಟು ದಿಟ್ಟಿಸಿ ನೋಡುವವರು ಇಲ್ಲಿ ಇನ್ಯಾರೂ ಇಲ್ಲ."

"ನಾನು ಇಲ್ಲಿ ಸಾಯ್ತಾ ಇದ್ದೀನಲ್ಲೇ."

"ಈ ನೋವಿನಿಂದ ನೀವು ಸಾಯಲ್ಲ ಸಾರ್. ಔಷಧದಲ್ಲಿ ತಪ್ಪಾದರೆ ಸಾಯ್ತೀರಿ."

ಮುಖ್ಯಸ್ಥ ಕಣ್ಣು ಮುಚ್ಚಿ ಎರಡನೆಯ ಕೀಲಿಕೈಯನ್ನು ಸಿಸ್ಟರ ಅಂಗೈಗೆ ಹಾಕಿದ. ಅವನ ಬದುಕಿನಲ್ಲಿ ಅಷ್ಟು ಹಗುರವಾದ ವಸ್ತುವನ್ನು ಅಷ್ಟು ಕಷ್ಟಪಟ್ಟು ಅವನು ಎತ್ತಿರಲಿಲ್ಲ.

ಸಿಸ್ಟರು ಅದನ್ನು ಅವನಿಗೆ ತಲುಪಿಸಿ ಅಲ್ಲೇ ಕಾದಳು, ಇಬ್ಬರು ಫಾರ್ಮಸಿಸ್ಟರೂ ಕಪಾಟಿನ ಮುಂದೆ ನಿಂತರು. ಅವಳು ಒಂದು ಬೀಗ ತೆಗೆದಳು, ಅವನು ಇನ್ನೊಂದನ್ನು ತೆಗೆದ. ವಾರ್ಡಿನಿಂದ ಮುಖ್ಯಸ್ಥನ ನರಳಾಟ ಕೇಳಿಸುತ್ತಿತ್ತು. ಅವಳು ಅವಸರದಲ್ಲಿ ಆಂಪೂಲ್ ಎಂಬ ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆಯೊಂದನ್ನು ತೆಗೆದು ತಟ್ಟೆಯಲ್ಲಿಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ಓದಿದ. ಚೀಟಿಯನ್ನು ಓದಿದ. ಮತ್ತೆ ಆಂಪೂಲನ್ನು ಓದಿದ. ಅವಳ ಜೊತೆ ಮಾತಿಲ್ಲವಲ್ಲ, ಆದ್ದರಿಂದ ಕಪಾಟಿನ ಕಡೆ ತಿರುಗಿದ.

"ಕಪಾಟಪ್ಪಾ, ಇದು ಬರೆದಿದ್ದಕ್ಕಿಂತ ಹೆಚ್ಚು ಬಲದ್ದು ಅಂತ ಇವರಿಗೆ ಹೇಳು. ಇದನ್ನು ಕೊಟ್ಟರೆ ನೋವೂ ಹೋಗುತ್ತೆ, ಯಜಮಾನರೂ ಹೋಗುತ್ತಾರೆ."

ಅವಳು ನೋಡಿದಳು. ಎರಡು ಬಗೆಯ ಪೆಟ್ಟಿಗೆಗಳು ಒಂದರ ಪಕ್ಕ ಒಂದಿದ್ದವು. ಎರಡಕ್ಕೂ ಒಂದೇ ಬಣ್ಣ. ಅವಳ ಕೈ ಪಕ್ಕದ ಪೆಟ್ಟಿಗೆಗೆ ಹೋಗಿತ್ತು.

"ಕಪಾಟಪ್ಪಾ, ಅವರು ಹೇಳಿದ್ದು ಸರಿ ಅಂತ ಹೇಳು," ಎಂದಳು ಅವಳು. ಆಂಪೂಲನ್ನು ಅದರ ಜಾಗಕ್ಕಿಟ್ಟು ಸರಿಯಾದದ್ದನ್ನು ತೆಗೆದಳು. ಅವನು ಮತ್ತೆ ಅಷ್ಟೇ ನಿಧಾನವಾಗಿ ಓದಿದ. ಆಮೇಲೆ ತಲೆಯಾಡಿಸಿದ.

ಸೂಜಿ ಚುಚ್ಚಿದರು. ನೋವು ಇಳಿಯಿತು. ಸಿಸ್ಟರು ಮಂಚದ ಬಳಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮುಖ್ಯಸ್ಥ ತನ್ನ ಎರಡು ಕೈಗಳನ್ನು ಎದೆಯ ಮೇಲೆತ್ತಿಕೊಂಡು ಬಹಳ ಹೊತ್ತು ನೋಡಿದ.

"ಈ ಎಡಗೈ ಒಂದು ದಿನವೂ ಬಲಗೈಗೆ ಹೀಗೆ ಹೇಳಿರಲಿಲ್ಲ," ಎಂದ.

ಮನೆಗೆ ಹೋಗುವಾಗ ಅವನು ಎರಡನೆಯ ಕೀಲಿಕೈಯನ್ನು ಕೇಳಲಿಲ್ಲ. ಅದಾದ ಮೇಲೆ ಮಧ್ಯಾಹ್ನ ಊಟ ಮಾಡಿ ಸಣ್ಣ ನಿದ್ದೆ ತೆಗೆಯುವ ಅಭ್ಯಾಸವೂ ಅವನಿಗೆ ಬಂತು. ನಿವೃತ್ತನಾಗುವಾಗ ತನ್ನ ಜಾಗಕ್ಕೆ ಅವಳ ಹೆಸರನ್ನೇ ಹೇಳಿದ. ಆಡಳಿತದವರು ಒಪ್ಪಿ ಅವಳನ್ನು ಕರೆಸಿದರು. ಅವಳು ಸಂಬಳದ ಮಾತೆತ್ತಲಿಲ್ಲ, ದೊಡ್ಡ ಕೋಣೆ ಕೇಳಲಿಲ್ಲ. ಎರಡನೆಯ ಕೀಲಿಕೈ ಅವನ ಹತ್ತಿರವೇ ಇರಬೇಕು, ಅಷ್ಟೇ ಎಂದಳು.

ಮೇಷ್ಟ್ರು ಕತೆ ನಿಲ್ಲಿಸಿ ಎಲೆಯನ್ನು ಬಾಯಿಗಿಟ್ಟರು.

"ಆಮೇಲೆ ಅವರಿಬ್ಬರೂ ರಾಜಿಯಾದರಾ?" ಎಂದು ಕೇಳಿದಳು ಹೇಮಾವತಿ.

"ಎಲ್ಲಿಯ ರಾಜಿ. ಅವಳು ಮುಖ್ಯಸ್ಥೆಯಾದ ದಿನ ಅವನು ಕಪಾಟಿನ ಮುಂದೆ ನಿಂತು ಕೈಮುಗಿದು, ಇವರಿಗೆ ಒಳ್ಳೆಯದಾಗಲಿ ಅಂತ ಹೇಳಿಹೋದ. ಕಪಾಟು ತಲುಪಿಸಿತು."

ಹೇಮಾವತಿ ನಕ್ಕಳು. ನಗು ಬೇಗ ನಿಂತಿತು. ಅವಳ ಮನಸ್ಸಿನಲ್ಲಿ ನಾಳೆಯ ಬೆಳಗು ಹಾಗೆಯೇ ಇತ್ತು.

"ಅದು ಕತೆ, ಮೇಷ್ಟ್ರೇ. ಅಲ್ಲಿ ಯಾರೂ ನೋಡುತ್ತಿರಲಿಲ್ಲ. ನನ್ನ ಕಡೆ ಇಡೀ ವಿಭಾಗ ನೋಡುತ್ತಿರುತ್ತದೆ. ಎಲ್ಲರ ಮುಂದೆ ಚಂದ್ರಾಚಾರ್ ನನ್ನ ತಪ್ಪು ಎತ್ತಿ ತೋರಿಸಿದರೆ ನನ್ನ ಮರ್ಯಾದೆ ಹೋಗುವುದಿಲ್ಲವೇ?"

"ಹೋಗುತ್ತದೆ, ತಾಯಿ, ರೋಗಿ ಉಳಿಯುತ್ತಾನೆ."