ತುಂಬಿದ ಕೆರೆಯ ಹಸಿವು

"ಗುರುಗಳೇ, ನಮ್ಮೊಳಗೆ ಇರುವುದು ಕರುಣೆಯೋ ಅಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಅವನನ್ನು ಒಮ್ಮೆ ನೋಡಿ, "ಒಬ್ಬ ನೀರುಗಂಟಿಯ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಊರ ಕೆರೆಯ ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಕೆರೆಯ ನಡುವೆ ಒಂದು ದಿಬ್ಬ, ದಿಬ್ಬದ ತುಂಬ ಜಾಲಿಮರಗಳು. ವರ್ಷವರ್ಷವೂ ಸಂಕ್ರಾಂತಿ ಕಳೆದ ಮೇಲೆ ಕೊಕ್ಕರೆಗಳು ಬಂದು ಆ ಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಅವುಗಳ ಹಿಕ್ಕೆ ಬಿದ್ದ ನೀರು ಗದ್ದೆಗೆ ಹರಿದರೆ ಬೇರೆ ಗೊಬ್ಬರ ಬೇಕಿರಲಿಲ್ಲ. ಊರಿನವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಿದ್ದರು.

ನೀರುಗಂಟಿಯ ಮನೆತನಕ್ಕೆ ಒಂದು ನೇಮವಿತ್ತು. ಮರಿಗಳ ಕೂಗು ಕೇಳಿದ ಮೂರನೆಯ ದಿನ ತೂಬು ತೆಗೆಯಬೇಕು. ನೀರು ಇಳಿದಂತೆ ದಡದಿಂದ ದಿಬ್ಬದವರೆಗೆ ನೆಲ ಮೇಲೇಳುತ್ತಿತ್ತು. ಆ ದಾರಿ ಹಿಡಿದು ನಾಯಿಗಳು ದಿಬ್ಬಕ್ಕೆ ನುಗ್ಗುತ್ತಿದ್ದವು. ಅದಕ್ಕೇ ಮರಿಗಳು ಹಾರುವ ತನಕ ನೀರುಗಂಟಿ ಕೋಲು ಹಿಡಿದು ದಾರಿಗೆ ಅಡ್ಡ ನಿಲ್ಲಬೇಕಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತಿರ ಹತ್ತಿರ ಎರಡು ತಿಂಗಳು. ತಲೆಯ ಮೇಲೆ ಬೇಸಿಗೆಯ ಬಿಸಿಲು, ಕಾಲ ಕೆಳಗೆ ಸುಡುವ ಕೆಸರು. ಅವನ ಅಜ್ಜ ನಿಂತಿದ್ದ, ಅಪ್ಪ ನಿಂತಿದ್ದ. ಇವನೂ ಹನ್ನೆರಡು ವರ್ಷ ನಿಂತು ಸಾಕಾಗಿ ಹೋಗಿದ್ದ.

ಹದಿಮೂರನೆಯ ವರ್ಷ ಮಾಘ ಮಾಸದಲ್ಲಿ ಎಂದೂ ಇಲ್ಲದ ಮಳೆ ಸುರಿಯಿತು. ಕೆರೆ ಕೋಡಿಯ ಮಟ್ಟಕ್ಕೆ ತುಂಬಿತು. ಗದ್ದೆಗಳಲ್ಲೂ ನೀರು ನಿಂತಿತು. ಮರಿಗಳ ಕೂಗು ಕೇಳಿ ಮೂರು ದಿನವಾಯಿತು, ನಾಲ್ಕಾಯಿತು. ನೀರುಗಂಟಿ ಏರಿಯ ಮೇಲಿನ ಹೊಂಗೆಯ ನೆರಳು ಬಿಟ್ಟು ಏಳಲಿಲ್ಲ.

ಬುತ್ತಿ ತಂದ ಹೆಂಡತಿ ಕೇಳಿದಳು: "ಈ ಸಲ ತೂಬು ತೆಗಿಯಾಕಿಲ್ವಾ?"

"ಗದ್ದೇಲೇ ನೀರು ನಿಂತದೆ, ಯಾರಿಗೆ ಅಂತ ಬಿಡ್ಲಿ?" ಎಂದ ಅವನು. "ಕೆರೆ ತುಂಬಿದ್ರೆ ಒಂದು ನಾಯೀನೂ ದಿಬ್ಬಕ್ಕೆ ಹೋಗಂಗಿಲ್ಲ. ಪಾಪ, ಒಂದು ವರ್ಷವಾದ್ರೂ ಆ ಮರಿಗಳು ಸುಖವಾಗಿರ್ಲಿ ಬಿಡು."

ಮಾತು ಅವನಿಗೇ ಹಿಡಿಸಿತು. ನಾಯಿಗಳು ದಡಕ್ಕೆ ಬಂದು ನೀರು ಮೂಸಿ ಹಿಂದಿರುಗುವುದನ್ನು ನೋಡಿ ಅವನು ನಕ್ಕ. ಅಪ್ಪ, ಅಜ್ಜನಿಗೆ ಹೊಳೆಯದ ಉಪಾಯ ತನಗೆ ಹೊಳೆಯಿತಲ್ಲ ಎಂದು ಬೀಗಿದ. ಆಮೇಲೆ ಟವೆಲನ್ನು ಮುಖಕ್ಕೆ ಹಾಕಿಕೊಂಡು ಮಲಗಿದ.

ಎಂಟು ದಿನ ಕಳೆಯಿತು. ಮುಂಜಾನೆ ಹೋದ ಕೊಕ್ಕರೆಗಳು ಹೊತ್ತು ನೆತ್ತಿಗೆ ಬಂದರೂ ಮರಳದಿರುವುದು ಅವನ ಕಣ್ಣಿಗೆ ಬಿತ್ತು. ಹತ್ತನೆಯ ದಿನ ಅವು ಮರಳಿದ್ದು ಸಂಜೆಗೆ. ಮರಿಗಳ ಗಲಾಟೆ ದಿನದಿನಕ್ಕೂ ತಗ್ಗುತ್ತಿತ್ತು. ಹೊಟ್ಟೆ ತುಂಬಿ ಮಲಗಿರಬೇಕು ಎಂದುಕೊಂಡ. ಹನ್ನೆರಡನೆಯ ದಿನ ಒಂದು ಮರಿಯ ಹೆಣ ತೇಲಿ ಬಂದು ಏರಿಯ ಕಲ್ಲಿಗೆ ತಗಲಿತು. ಎತ್ತಿ ನೋಡಿದ. ಗಾಯವಿರಲಿಲ್ಲ, ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಪಕ್ಕದಲ್ಲಿ ಒಬ್ಬ ಮುದುಕ ಮೀನಿನ ಬಲೆ ಸರಿಮಾಡುತ್ತಿದ್ದ. ನೀರುಗಂಟಿ ಅವನ ಬಳಿಗೆ ಹೋಗಿ ಕೇಳಿದ: "ಕೆರೆ ತುಂಬ ಮೀನು ಅದಲ್ಲ ಅಜ್ಜ! ಇವು ಯಾಕೆ ಹಸಿದು ಸಾಯ್ತಾ ಅವೆ?"

ಮುದುಕ ಬಲೆಯಿಂದ ತಲೆ ಎತ್ತಲಿಲ್ಲ. "ಆಳು ಮುಳುಗೋ ನೀರಲ್ಲಿ ಕೊಕ್ಕರೆ ಎಲ್ಲಿ ನಿಂತ್ಕಂಡು ಮೀನು ಹಿಡೀಬೇಕು? ಅದಕ್ಕೆ ಮೊಣಕಾಲುದ್ದ ನೀರು ಬೇಕು ಕಣೋ. ನೀರು ಇಳಿದ್ರೆ ಮೀನು ಒಂದು ಕಡೆ ಸೇರ್ತವೆ, ಆವಾಗ ಅದರ ಕೊಕ್ಕಿಗೆ ಸಿಕ್ತವೆ. ನಿಮ್ಮಪ್ಪ ತೂಬು ತೆಗೀತಿದ್ದದ್ದು ಬರೀ ಗದ್ದೆಗೆ ಅಂದ್ಕಂಡಿದ್ಯಾ? ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನಂಗೆ ಮಾಡ್ದೆ ನೀನು."

ನೀರುಗಂಟಿ ಎದ್ದೆನೋ ಬಿದ್ದೆನೋ ಎಂದು ತೂಬಿಗೆ ಓಡಿದ. ತೂಬಿನ ಬಾಯಿ ಮುಚ್ಚಿದ್ದ ಮರದ ಬಿರಡೆ ನೀರು ಕುಡಿದು ಉಬ್ಬಿ, ಸುತ್ತ ಹೂಳು ಕೂತು, ಒಂದಿಷ್ಟೂ ಅಲುಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ಬುತ್ತಿ ತಂದಿದ್ದ ಹೆಂಡತಿಯ ಕೈಗೆ ಕೊಟ್ಟು, ಹಾರೆಯೊಂದಿಗೆ ಮುಳುಗಿದ. ಕೆಳಗೆ ಕತ್ತಲು. ಕೈಯಾಡಿಸಿ ಬಿರಡೆಯ ಬುಡ ಹುಡುಕಿ ಮೀಟಿದ. ಉಸಿರು ಕಟ್ಟಿ ಮೇಲೆ ಬಂದ. ಮತ್ತೆ ಮುಳುಗಿದ. ಎರಡನೆಯ ಸಲ ಮೇಲೆ ಬಂದಾಗ ಮೂಗಿನಿಂದ ರಕ್ತ ಬರುತ್ತಿತ್ತು. ಹೆಂಡತಿ ಬೇಡವೆಂದು ಅತ್ತಳು. ಅವನು ದಿಬ್ಬದ ಕಡೆ ಕಿವಿಗೊಟ್ಟ. ನೂರಾರು ಗೂಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕೂಗು ಉಳಿದಿತ್ತು. ಮೂರನೆಯ ಸಲ ಮುಳುಗಿದ. ಬಿರಡೆ ಕಿತ್ತು ಬಂತು. ನೀರಿನ ಸೆಳೆತ ಅವನನ್ನೂ ತೂಬಿಗೆ ಎಳೆಯಿತು. ಹೆಂಡತಿ ಕಾಲನ್ನು ಕಲ್ಲಿಗೆ ಒತ್ತಿ, ಅಂಗೈ ಸುಲಿದರೂ ಹಗ್ಗ ಬಿಡದೆ ಅವನನ್ನು ಮೇಲೆಳೆದಳು.

ತೂಬು ತೆರೆಯಿತು. ಆದರೆ ಕೆರೆಯೇನು ಕೊಡವೇ, ಬಗ್ಗಿಸಿದೊಡನೆ ಬರಿದಾಗಲು? ಆರು ದಿನ ಹಿಡಿಯಿತು. ಆ ಆರು ದಿನ ಅವನು ಊಟ ಮುಟ್ಟಲಿಲ್ಲ, ದಿಬ್ಬದ ಕೂಗುಗಳನ್ನು ಎಣಿಸುತ್ತ ಕೂತ. ಎಣಿಕೆ ಪ್ರತಿದಿನವೂ ಕಡಿಮೆಯಾಯಿತು. ಏಳನೆಯ ದಿನ ಅಂಚಿನಲ್ಲಿ ನೀರು ತೆಳುವಾಯಿತು, ಮೀನುಗಳು ಹೊಂಡಗಳಲ್ಲಿ ಮಿಂಚಿದವು. ಕೊಕ್ಕರೆಗಳು ಇಳಿದವು. ಅದೇ ದಿನ ದಡದಿಂದ ದಿಬ್ಬಕ್ಕೆ ದಾರಿಯೂ ತೆರೆಯಿತು.

ನಾಯಿಗಳು ಬಂದವು, ಐದು. ಅವುಗಳಿಗೂ ಹಸಿವು. ನೀರುಗಂಟಿ ಕೋಲು ಹಿಡಿದು ಕೆಸರಿನಲ್ಲಿ ಅಡ್ಡ ನಿಂತ. ಒಂದು ಎದುರಿನಿಂದ ಗುರುಗುಟ್ಟಿದಾಗ ಇನ್ನೊಂದು ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಕಾಲು ಕಿತ್ತರೆ ದಾರಿ ಬಿಟ್ಟುಕೊಟ್ಟಂತೆ ಎಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಅಲ್ಲೇ ನಿಂತು ಕೋಲು ಬೀಸಿದ. ಮರುದಿನವೂ ಅವು ಬಂದವು, ಕಾಲಿಗೆ ಬಟ್ಟೆ ಸುತ್ತಿಕೊಂಡು ಅವನೂ ಬಂದ. ಹೀಗೆ ಒಂದೂವರೆ ತಿಂಗಳು.

ಕೊನೆಗೆ ಹಾರಿದ್ದು ಇಪ್ಪತ್ತೇಳು ಮರಿ. ಮುಂದಿನ ವರ್ಷ ಅರ್ಧಕ್ಕರ್ಧ ಜಾಲಿಮರಗಳು ಖಾಲಿ ಉಳಿದವು. ಆ ವರ್ಷ ಮರಿಗಳ ಕೂಗು ಕೇಳಿದ ಮೂರನೆಯ ದಿನ, ಕುಂಟುತ್ತಲೇ ಹೋಗಿ ಅವನು ತೂಬು ತೆಗೆದ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, "ಪಾಪ, ಕೆರೆ ತುಂಬಿಸಿಟ್ಟದ್ದೂ ಕರುಣೆಯಿಂದಲೇ ಅಲ್ಲವೇ ಗುರುಗಳೇ? ಅವನಿಗೆ ತಿಳಿಯಲಿಲ್ಲ, ಅಷ್ಟೆ" ಎಂದ.

ಗುರುಗಳು ಎದ್ದು ನಿಂತು ಹೇಳಿದರು: "ಕರುಣೆ ಅವನಿಗೆ ಬಂದದ್ದು ಬಿಸಿಲಿಗೆ ಇಳಿದ ದಿನ, ಅದಕ್ಕೆ ಮೊದಲು ಅವನಿಗೆ ಬೇಕಿದ್ದದ್ದು ನೆರಳು."